ಪಿತ್ತಕೋಶದ ಅರ್ಬುದ: ಕಾರಣಗಳ ಅನ್ವೇಷಣೆ

ಯಕೃತ್ತಿನ ಅಡಿಭಾಗಕ್ಕೆ ಅಂಟಿಕೊಂಡಂತೆ ಸಣ್ಣ ಬದನೆಕಾಯಿಯ ಆಕಾರದ ಚೀಲವೊಂದಿದೆ. ಯಕೃತ್ತಿನಲ್ಲಿ ಉತ್ಪತ್ತಿಯಾಗುವ ಪಿತ್ತರಸವನ್ನು ಸಂಗ್ರಹಿಸಿ, ಸಾಂದ್ರಗೊಳಿಸಿ, ಜಿಡ್ಡಿನ ಆಹಾರವು ಕರುಳನ್ನು ತಲುಪಿದಾಗ ಹೊರಚೆಲ್ಲುವುದು ಈ ಪಿತ್ತಕೋಶದ ಕಾರ್ಯ. ಇದನ್ನು ತೆಗೆದುಹಾಕಿದರೂ ಮನುಷ್ಯನು ಸುಖವಾಗಿಯೇ ಬಾಳಬಲ್ಲನು. ಆದರೆ ಇಂತಹ ಅಲ್ಪ ಅವಯವದಲ್ಲಿ ಅರ್ಬುದವು ತಲೆದೋರಿದರೆ ಅದು ಅತ್ಯಂತ ಘೋರವಾದುದು. ಪಿತ್ತಕೋಶದ ಗೋಡೆ ಬಲು ತೆಳುವು. ಯಕೃತ್ತು ಪಕ್ಕದಲ್ಲಿಯೇ ಇದೆ. ಕಾಮಾಲೆ ಕಾಣಿಸಿಕೊಳ್ಳುವ ವೇಳೆಗೆ ರೋಗವು ಬಹುತೇಕ ಹೊರಗೆ ಹಬ್ಬಿರುತ್ತದೆ. ಆದುದರಿಂದಲೇ ವೈದ್ಯ ಸಂಶೋಧಕರು ಇದರ ಚಿಕಿತ್ಸೆಯಷ್ಟೇ ಇದರ ಕಾರಣಗಳ ಕಡೆಗೂ ಗಮನ ಹರಿಸಿದ್ದಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಯೋಜನೆಯಂತೆ 1982ರಲ್ಲಿ ಬೆಂಗಳೂರು, ಮುಂಬಯಿ, ಮದರಾಸು ನಗರಗಳಲ್ಲಿ ಅರ್ಬುದ ರೋಗಿಗಳ ನೋಂದಣಿ ಆರಂಭವಾಯಿತು. ಬೆಂಗಳೂರಿನಲ್ಲಿ ಈ ಹೊಣೆಯನ್ನು ಹೊತ್ತದ್ದು 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆ. ಮುಂದೆ ಇತರ ನಗರಗಳೂ ಸೇರಿಕೊಂಡಾಗ ಒಂದು ವಿಚಿತ್ರ ಸಂಗತಿ ಹೊರಬಿದ್ದಿತು. ದಿಲ್ಲಿ ಹಾಗೂ ಗುವಾಹಟಿಯ ಸುತ್ತಣ ಕಾಮರೂಪ ಪ್ರದೇಶದ ಸ್ತ್ರೀಯರಲ್ಲಿ ಈ ರೋಗ ಅತ್ಯಧಿಕ. ಬೆಂಗಳೂರಿನಲ್ಲಿ ಅದರ ಪ್ರಮಾಣ ಹಲವು ಪಟ್ಟು ಕಡಿಮೆ. ಇದಕ್ಕೂ ಮೊದಲೇ, 1968ರಲ್ಲಿ, ಡಾ. ಎಸ್. ಎಲ್. ಮಲ್ಹೋತ್ರಾ ಅವರು ರೈಲ್ವೆ ನೌಕರರನ್ನು ಪರಿಶೀಲಿಸಿ, ಪಿತ್ತಕೋಶದ ಕಲ್ಲುಗಳು ದಕ್ಷಿಣದವರಿಗಿಂತ ಉತ್ತರದವರಲ್ಲಿ ಸುಮಾರು ಏಳು ಪಟ್ಟು ಹೆಚ್ಚೆಂದು ತೋರಿಸಿದ್ದರು. ಒಂದೇ ಇಲಾಖೆಯ ನೌಕರರನ್ನು ಆರಿಸಿಕೊಂಡದ್ದು ಅವರ ಜಾಣ್ಮೆ. ಅವರು ಬೊಟ್ಟುಮಾಡಿದ್ದು ಆಹಾರಭೇದದ ಕಡೆಗೆ.

ಇಲ್ಲಿ ಕಲ್ಲಿಗೂ ಅರ್ಬುದಕ್ಕೂ ಇರುವ ಸಂಬಂಧವನ್ನು ಎಚ್ಚರದಿಂದ ಅರಿಯಬೇಕು. ಈ ಅರ್ಬುದಕ್ಕೆ ತುತ್ತಾದವರಲ್ಲಿ ಬಹುಮಂದಿಗೆ ಕಲ್ಲುಗಳಿರುತ್ತವೆ. ಆದರೆ ಕಲ್ಲುಳ್ಳವರಲ್ಲಿ ಅರ್ಬುದಕ್ಕೆ ತುತ್ತಾಗುವವರು ಅತ್ಯಲ್ಪ. ಪರೀಕ್ಷೆಯಲ್ಲಿ ಅನುತ್ತೀರ್ಣರಾದವರಲ್ಲಿ ಹೆಚ್ಚಿನವರು ಶಾಲೆ ತಪ್ಪಿಸಿದವರೆಂದು ಹಾಜರಿ ಪುಸ್ತಕ ತೋರಿಸಬಹುದು. ಅದರಿಂದ ಶಾಲೆ ತಪ್ಪಿಸಿದವರೆಲ್ಲರೂ ಅನುತ್ತೀರ್ಣರಾಗುವರೆಂದು ಯಾವ ಶಿಕ್ಷಕರೂ ಹೇಳಲಾರರು. ಕಲ್ಲು ವರ್ಷಗಟ್ಟಲೆ ಒಳಗೋಡೆಯನ್ನು ಉಜ್ಜುತ್ತ, ಉರಿಯೂತವನ್ನು ಉಳಿಸಿಕೊಂಡು ಬರುವುದೇ ಅಪಾಯದ ಮೂಲವೆಂದು ತಿಳಿಯಲಾಗಿದೆ. ಮೂರು ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, ಒಂದು ಸೆಂಟಿಮೀಟರು ಮೀರಿದ ಗಂಟು, ಸುಣ್ಣಗಟ್ಟಿದ ಗೋಡೆ ಇವು ವಿಶೇಷ ಎಚ್ಚರಿಕೆಯ ಲಕ್ಷಣಗಳು. ಪುರುಷರಿಗಿಂತ ಸ್ತ್ರೀಯರಲ್ಲಿ ಈ ರೋಗ ಹೆಚ್ಚು. ವಯಸ್ಸು, ಸ್ಥೂಲಕಾಯಗಳೂ ಲೆಕ್ಕಕ್ಕೆ ಬರುತ್ತವೆ.

ವಿಷಮಶೀತ ಜ್ವರ, ಅಂದರೆ ಟೈಫಾಯಿಡ್, ಈ ಕಥೆಯಲ್ಲಿ ಹೇಗೆ ಪ್ರವೇಶಿಸಿತೆಂಬುದು ಸ್ವಾರಸ್ಯಕರ. ಜ್ವರ ಬಿಟ್ಟ ಮೇಲೆಯೂ ನೂರರಲ್ಲಿ ಕೆಲವರ ಪಿತ್ತಕೋಶದಲ್ಲಿ ರೋಗಾಣುಗಳು ನೆಲೆನಿಲ್ಲುತ್ತವೆ. ಕಲ್ಲಿದ್ದರೆ ಅದರ ಮೈಮೇಲೆ ಪಾಚಿಯಂತೆ ಪೊರೆಗಟ್ಟಿ ಕುಳಿತುಬಿಡುತ್ತವೆ. ಇಂತಹವರು ಸ್ವತಃ ಆರೋಗ್ಯದಿಂದಿದ್ದು ಪರರಿಗೆ ರೋಗ ಹಂಚುವ ವಾಹಕರು. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್ ಇಂತಹವಳೇ. ಪಿತ್ತಕೋಶ ತೆಗೆಸಿಕೊಳ್ಳೆಂದು ವೈದ್ಯರು ಹೇಳಿದರೂ ಆಕೆ ಒಪ್ಪಲಿಲ್ಲ. ಆ ನಗರದ ಆರೋಗ್ಯ ಇಲಾಖೆಯು ವಾಹಕರ ಹೆಸರುಗಳನ್ನು ದಶಕಗಳ ಕಾಲ ಬರೆದಿಟ್ಟಿತ್ತು. 1922ರಿಂದ 1975ರವರೆಗೆ ಮೃತರಾದ ಇಂತಹ 471 ಜನರನ್ನು 942 ಇತರರೊಡನೆ ಹೋಲಿಸಿದ ಪ್ರಬಂಧವು 1979ರಲ್ಲಿ ಪ್ರಕಟವಾಯಿತು: ಯಕೃತ್ತು ಹಾಗೂ ಪಿತ್ತಮಾರ್ಗದ ಅರ್ಬುದದಿಂದ ವಾಹಕರು ಸತ್ತ ಪ್ರಮಾಣ ಆರು ಪಟ್ಟು. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಟೈಫಾಯಿಡ್ ಹರಡಿದಾಗ ಕಾಯಿಲೆ ಬಿದ್ದವರನ್ನು ಮೂವತ್ತು ವರ್ಷಗಳ ಬಳಿಕ ಪರಿಶೀಲಿಸಿದಾಗ, ಜ್ವರ ಬಂದು ವಾಸಿಯಾದವರಿಗೆ ಅಪಾಯ ಹೆಚ್ಚಿರಲಿಲ್ಲ. ವಾಹಕರಾಗಿ ಉಳಿದವರಿಗೆ ಮಾತ್ರ ಬಹಳವಿತ್ತು. ಕಾರಣವನ್ನು ಬೇರ್ಪಡಿಸಿ ತೋರುವ ಇಂತಹ ಹೋಲಿಕೆ ವೈದ್ಯಶಾಸ್ತ್ರದಲ್ಲಿ ಸುಲಭವಾಗಿ ದೊರೆಯುವುದಿಲ್ಲ.

ಭೀಮಾ ತೀರದ ನಮ್ಮ ಭಾಗದವರಿಗೆ ಇದು ದೂರದ ಮಾತಲ್ಲ. ಜಾತ್ರೆ, ಮದುವೆ, ವಸತಿ ನಿಲಯಗಳಲ್ಲಿ ನೂರಾರು ಜನ ಒಂದೇ ಹಂಡೆಯ ನೀರು ಕುಡಿಯುವಲ್ಲಿ, ಆ ನೀರು ಕುದಿಸಿದ್ದೇ, ಅಡುಗೆಯವರ ಕೈ ಶುಚಿಯೇ ಎಂದು ನೋಡುವುದು ಅತ್ಯಗತ್ಯ. ಹೈದರಾಬಾದಿನಲ್ಲಿ ತಯಾರಾಗುವ ಟೈಫಾಯಿಡ್ ಲಸಿಕೆಯೊಂದಕ್ಕೆ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯೂ ದೊರೆತಿದೆ.

ಎಣ್ಣೆಯ ವಿಷಯ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು ರೋಗ ಹೆಚ್ಚಿರುವ ಹಾಗೂ ಕಡಿಮೆಯಿರುವ ಎರಡೂ ಪ್ರದೇಶಗಳ ರೋಗಿಗಳನ್ನು ನಿರೋಗಿಗಳೊಡನೆ ಹೋಲಿಸಿ, ಸಾಸಿವೆ ಎಣ್ಣೆಯ ಅತಿಬಳಕೆಗೂ ಈ ಅರ್ಬುದಕ್ಕೂ ನಂಟು ಕಂಡಿದ್ದಾರೆ. ಕುಸುಬಿ, ಶೇಂಗಾ ಎಣ್ಣೆಗಳ ನಮ್ಮ ಅಡುಗೆಮನೆಗೆ ಈ ಶಂಕೆ ತಟ್ಟದು. ಆದರೂ ದೋಷ ಎಣ್ಣೆಯದೋ, ಕಲಬೆರಕೆಯದೋ, ಕರಿಯುವ ಉಷ್ಣತೆಯದೋ ಎಂಬ ಪ್ರಶ್ನೆ ಉಳಿದೇ ಇದೆ. ಅದೇ ಕೇಂದ್ರದವರು 2017ರಲ್ಲಿ ಆನುವಂಶಿಕ ಭೇದಗಳನ್ನೂ ಗುರುತಿಸಿದರು. ಗಂಗಾ ಬಯಲಿನಲ್ಲಿ ಕೊಳವೆ ಬಾವಿಯ ನೀರಿನ ಆರ್ಸೆನಿಕ್ ವಿಷದ ಮೇಲೂ ಸಂಶಯವಿದೆ. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿಯೂ ಈ ವಿಷ ಪತ್ತೆಯಾಗಿ ಜನರ ಚರ್ಮದ ಮೇಲೆ ಅದರ ಕುರುಹುಗಳು ಕಂಡಿದ್ದವು. ಪಿತ್ತಕೋಶದ ಮಾತು ಅಲ್ಲಿ ಬಂದಿಲ್ಲ. ನೀರನ್ನು ಪರೀಕ್ಷಿಸದೆ ಬಾವಿ ಕೊರೆಯುವ ನಮ್ಮ ರೂಢಿ ಮಾತ್ರ ಬದಲಾಗಬೇಕು.

ರೋಗ ಹೆಚ್ಚಿರುವ ಚಿಲಿ ದೇಶವು 2006ರಿಂದ ಕಲ್ಲಿನ ಬಾಧೆಯುಳ್ಳ 35ರಿಂದ 49 ವರ್ಷದವರಿಗೆ ಪಿತ್ತಕೋಶ ತೆಗೆಯುವ ಶಸ್ತ್ರಕ್ರಿಯೆಯನ್ನು ಹಕ್ಕಾಗಿ ಒದಗಿಸಿತು. ನಮ್ಮಲ್ಲಿ ತೊಂದರೆ ಕೊಡದ ಕಲ್ಲನ್ನೆಲ್ಲ ತೆಗೆಯಬೇಕಾಗಿಲ್ಲ. ಆದರೆ ಬಲ ಪಕ್ಕೆಯ ಕೆಳಗೆ ಮೇಲಿಂದ ಮೇಲೆ ನೋವು ಬರುವ ತಾಯಂದಿರು ‘ಪಿತ್ತ ಆಗ್ಯಾದ’ ಎಂದು ಜೀರಿಗೆ ಕಷಾಯ ಕುಡಿದು ವರ್ಷಗಳನ್ನು ಕಳೆಯುವುದು ಸರಿಯಲ್ಲ. ಧ್ವನಿತರಂಗ ಪರೀಕ್ಷೆ ಕೆಲವೇ ನಿಮಿಷಗಳ ಕೆಲಸ. ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿಯೇ ಇದೆ. ಕಲ್ಲಿಗಾಗಿ ಶಸ್ತ್ರಕ್ರಿಯೆಯಾದಾಗ, ಹೊರತೆಗೆದ ಪಿತ್ತಕೋಶವನ್ನು ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳುಹಿಸಿದ್ದಾರೆಯೇ ಎಂದು ಮನೆಯವರು ಕೇಳಿ, ವರದಿಯನ್ನು ಪಡೆದುಕೊಳ್ಳತಕ್ಕದ್ದು. ಕಲ್ಲೆಂದು ತೆಗೆದ ಚೀಲದಲ್ಲಿ ಅನಿರೀಕ್ಷಿತವಾಗಿ ಅರ್ಬುದವು ದೊರೆಯುವುದುಂಟು. ಆಗ ಅದು ಎಳೆಯದಾಗಿರುವ ಸಂಭವ ಹೆಚ್ಚು, ಅಗತ್ಯ ಬಿದ್ದರೆ ಎರಡನೆಯ ಶಸ್ತ್ರಕ್ರಿಯೆಗೂ ಕಾಲವಿರುತ್ತದೆ.