ಬೆಟ್ಟದ ಕಾಲುದಾರಿ



ಮೈಸೂರಿನ ಚಾಮುಂಡಿ ಬೆಟ್ಟದ ಹೆಸರು ಕೇಳಿದ್ದೀರಿ. ಬೆಟ್ಟ ಹತ್ತಲು ಸುಮಾರು 1000 ಮೆಟ್ಟಿಲುಗಳಿವೆ. ಅವನ್ನು ದೊಡ್ಡ ದೇವರಾಜ ಒಡೆಯರು ಕಟ್ಟಿಸಿದರು. ಅವರು ಆಳಿದ್ದು 1659ರಿಂದ 1673ರವರೆಗೆ. ಇವತ್ತಿಗೂ ಜನ ಆ ದಾರಿಯಲ್ಲಿ ಹತ್ತುತ್ತಾರೆ.

ಆದರೆ ಮಲೆನಾಡಿನ ಎಷ್ಟೋ ಊರುಗಳಲ್ಲಿ ಗುಡ್ಡದ ಕಾಲುದಾರಿ ಒಂದೇ ಮಳೆಗೆ ಕೊಚ್ಚಿ ಹೋಗುತ್ತೆ. ಶಾಲೆಗೆ ಹೋಗುವ ಮಕ್ಕಳು ಜಾರಿ ಬೀಳುತ್ತಾರೆ. ಹೊರೆ ಹೊತ್ತ ಹೆಂಗಸರ ಕಾಲು ಉಳುಕುತ್ತೆ. ರೋಗಿಯನ್ನು ಆಸ್ಪತ್ರೆಗೆ ಸಾಗಿಸುವುದು ಕಷ್ಟ. ದಾರಿ ಯಾಕೆ ಹೀಗೆ ಕೆಡುತ್ತೆ?

ದಾರಿಯ ಶತ್ರು ಯಾರು?

ನೀರು. ಗುಡ್ಡದ ನೆತ್ತಿಗೆ ನೇರವಾಗಿ ದಾರಿ ಮಾಡಿದರೆ ಮಳೆನೀರು ಅದರಲ್ಲೇ ಓಡುತ್ತೆ. ಓಡುವ ನೀರು ಮಣ್ಣನ್ನು ಹೊತ್ತೊಯ್ಯುತ್ತೆ. ಹನಿ ಹನಿ ಸೇರಿ ಹಳ್ಳ ಅಂತೀವಲ್ಲ, ದಾರಿಯೇ ಹಳ್ಳ ಆಗುತ್ತೆ. ಅದಕ್ಕೇ ತಿಳಿದವರು ಮೊದಲು ನೀರಿಗೆ ದಾರಿ ಬಿಡುತ್ತಾರೆ. ಆಮೇಲೆ ಕಾಲಿಗೆ ದಾರಿ ಮಾಡುತ್ತಾರೆ.

ದಾರಿ ಮಾಡುವುದು ಹೇಗೆ?

1. ಗುರುತು ಹಾಕಿ. ದಾರಿ ಗುಡ್ಡದ ಮೈಗೆ ಅಡ್ಡಲಾಗಿ, ಹಾವಿನ ಹಾಗೆ ತಿರುಗುತ್ತಾ ಏರಬೇಕು. ನೂರು ಅಡಿ ನಡೆದರೆ ಹತ್ತು ಅಡಿಗಿಂತ ಹೆಚ್ಚು ಏರಬಾರದು. ಮನೆ ಕಟ್ಟುವವರು ನೀರು ತುಂಬಿದ ಪೈಪಿನಿಂದ ಮಟ್ಟ ನೋಡ್ತಾರಲ್ಲ, ಇಲ್ಲೂ ಹಾಗೇ ನೋಡಬಹುದು.

2. ಅಗೆಯಿರಿ. ಗುದ್ದಲಿ, ಪಿಕಾಸಿ, ಹಾರೆ ಬೇಕು. ತರಗೆಲೆ, ಬೇರು, ಮೆತ್ತನೆಯ ಮೇಲ್ಮಣ್ಣು ತೆಗೆಯಿರಿ. ಗಟ್ಟಿ ಮಣ್ಣು ಸಿಗಬೇಕು. ದಾರಿಯ ಪೂರ್ತಿ ಅಗಲವನ್ನು ಗುಡ್ಡದ ಒಳಕ್ಕೇ ಕಡಿಯಿರಿ. ಅಗೆದ ಮಣ್ಣನ್ನು ಅಂಚಿಗೆ ಸುರಿದು ದಾರಿ ಅಗಲ ಮಾಡಬೇಡಿ. ಆ ಸಡಿಲ ಮಣ್ಣು ಕುಸಿಯುತ್ತೆ.

3. ಇಳಿಜಾರು ಕೊಡಿ. ದಾರಿ ಕಣಿವೆ ಕಡೆಗೆ ಸ್ವಲ್ಪ ವಾಲಿರಲಿ. ಮೂರು ಅಡಿ ಅಗಲಕ್ಕೆ ಎರಡು ಇಂಚು ಸಾಕು. ಆಗ ನೀರು ದಾರಿಯಲ್ಲಿ ನಿಲ್ಲೋದಿಲ್ಲ, ದಾಟಿ ಹೋಗುತ್ತೆ.

4. ಅಡ್ಡಗಲ್ಲು ಹೂಳಿ. ಅಲ್ಲಲ್ಲಿ ದಾರಿಗೆ ಓರೆಯಾಗಿ ಕಲ್ಲುಗಳ ಸಾಲು ಹೂಳಿ. ಓಡಿ ಬಂದ ನೀರು ಅಲ್ಲಿ ಪಕ್ಕಕ್ಕೆ ತಿರುಗುತ್ತೆ. ಅಲ್ಲಿ ಸೇರುವ ಮಣ್ಣು, ಎಲೆಯನ್ನು ಮಳೆಗಾಲಕ್ಕೆ ಮೊದಲೇ ತೆಗೆಯಬೇಕು.

5. ಕಡಿದಾದ ಕಡೆ ಮೆಟ್ಟಿಲು ಕಟ್ಟಿ. ಕೆಳಗಿನಿಂದ ಶುರುಮಾಡಿ. ದೊಡ್ಡ ಕಲ್ಲುಗಳನ್ನೇ ಆರಿಸಿ. ಮೇಲಿನ ಕಲ್ಲು ಕೆಳಗಿನ ಕಲ್ಲಿನ ಹಿಂಭಾಗದ ಮೇಲೆ ಕೂರಬೇಕು. ಹತ್ತಿ ನಿಂತರೆ ಕಲ್ಲು ಅಲುಗಬಾರದು.

ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ದಾರಿ ಕಡಿಯಬಾರದು. ಮೊದಲು ಅರ್ಜಿ ಬರೆದು ಕೊಡಿ. ಈಗ ನಿಮಗೆ ಬರೆಯಲು ಬರುತ್ತಲ್ಲ!

ನಡೆಯುವವರೂ ದಾರಿ ಕಾಯಬೇಕು

ಸುತ್ತು ದಾರಿ ಬೇಸರ ಅಂತ ಕೆಲವರು ತಿರುವಿನಲ್ಲಿ ಅಡ್ಡ ಇಳಿಯುತ್ತಾರೆ. ಹತ್ತು ಜನ ಇಳಿದರೆ ಹುಲ್ಲು ಸಾಯುತ್ತೆ. ನೂರು ಜನ ಇಳಿದರೆ ಹೊಸ ಕೊರಕಲು ಬೀಳುತ್ತೆ. ಜನ ಹೆಚ್ಚಾದರೂ ಕಷ್ಟವೇ. ಸುಬ್ರಹ್ಮಣ್ಯದ ಬಳಿ ಕುಮಾರ ಪರ್ವತ ಇದೆ. 2024ರ ಜನವರಿಯಲ್ಲಿ ಅದನ್ನು ಹತ್ತಲು ಒಮ್ಮೆಗೇ ತುಂಬಾ ಜನ ಸೇರಿದರು. ಅದಾದ ಮೇಲೆ ಚಾರಣಕ್ಕೆ ಬರುವವರು ಮೊದಲೇ ಹೆಸರು ನೋಂದಾಯಿಸಬೇಕು ಎಂದು ಸರ್ಕಾರ ನಿಯಮ ಮಾಡಿತು.

ಬದುಕಿನಲ್ಲೂ ಬೆಟ್ಟದಲ್ಲೂ ಅಡ್ಡದಾರಿ ಹಿಡಿಯಬೇಡಿ. ನಿಮ್ಮೂರಿನ ಕಾಲುದಾರಿಯನ್ನು ಒಮ್ಮೆ ನೋಡಿ ಬನ್ನಿ. ಮಳೆ ಬರುವಾಗಲೇ ನೋಡಿ. ನೀರು ಎಲ್ಲಿ ಓಡುತ್ತೆ ಅಂತ ಗೊತ್ತಾಗುತ್ತೆ. ನಾಲ್ಕು ಜನ ಸೇರಿ, ಗುದ್ದಲಿ ಹಿಡಿಯಿರಿ.

ಉತ್ತರ ಬರೆಯಿರಿ
1. ಕಾಲುದಾರಿಯ ದೊಡ್ಡ ಶತ್ರು ಯಾರು?
2. ಅಗೆದ ಮಣ್ಣನ್ನು ಅಂಚಿಗೆ ಸುರಿಯಬಾರದು. ಯಾಕೆ?
3. ಅಡ್ಡಗಲ್ಲಿನಿಂದ ಏನು ಉಪಯೋಗ?

ಬಿಟ್ಟ ಜಾಗ ತುಂಬಿರಿ
1. ನೂರು ಅಡಿ ನಡೆದರೆ ______ ಅಡಿಗಿಂತ ಹೆಚ್ಚು ಏರಬಾರದು.
2. ಮೆಟ್ಟಿಲನ್ನು ______ನಿಂದ ಕಟ್ಟಲು ಶುರುಮಾಡಬೇಕು.