ವೇದಿಕೆಯ ಮಾತಿಗೆ ಕಾಗದ ಕೇಳಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ರೋಟರಿ, ಲಯನ್ಸ್‌ನಂಥ ಸೇವಾ ಕ್ಲಬ್ಬುಗಳು ತೀರಿಕೊಂಡ ಸದಸ್ಯರ ಹೆಸರಿನ ದತ್ತಿನಿಧಿಯಿಂದ ವಿದ್ಯಾರ್ಥಿವೇತನ ಕೊಡುವುದುಂಟು. ಶಾಲು ಹೊದಿಸಿ, ಫೋಟೊ ತೆಗೆಸಿ, ‘ಈ ಹುಡುಗಿಯ ಮುಂದಿನ ಓದಿನ ಹೊಣೆ ನಮ್ಮದು’ ಎಂದು ಯಾರೋ ಮೈಕಿನಲ್ಲಿ ಸಾರುತ್ತಾರೆ. ಆ ಮಾತು ನಂಬಿ ತಂದೆತಾಯಿ ಕೈಗೆಟುಕದ ಕಾಲೇಜಿಗೆ ಸೇರಿಸಿಬಿಡುತ್ತಾರೆ. ಜನ ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಈ ಕ್ಲಬ್ಬುಗಳ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಜುಲೈ 1ರಿಂದ ಹೊಸ ಪದಾಧಿಕಾರಿಗಳು. ಎರಡನೇ ವರ್ಷದ ಫೀಸಿಗೆಂದು ಹೋದರೆ ‘ನಮಗೆ ಗೊತ್ತಿಲ್ಲ, ಹಿಂದಿನವರನ್ನು ಕೇಳಿ’ ಎಂಬ ಉತ್ತರ ಸಿಗಬಹುದು. ಪ್ರತಿಫಲವಿಲ್ಲದ ಬರೀ ಬಾಯಿಮಾತನ್ನು 1872ರ ಕರಾರು ಕಾಯಿದೆ ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ. ಆ ಮಾತು ನಂಬಿ ಖರ್ಚು ಮಾಡಿದ್ದೇವೆಂದು ವಾದಿಸಲು ಅವಕಾಶವಿದೆ, ನಿಜ. ಆದರೆ ಕೋರ್ಟು ಅದನ್ನು ತೀರ್ಮಾನಿಸುವಷ್ಟರಲ್ಲಿ ಮಗುವಿನ ಡಿಗ್ರಿಯೇ ಮುಗಿದಿರುತ್ತದೆ.

ಹಾಗಾಗಿ ಕಾಲೇಜಿಗೆ ಹಣ ಕಟ್ಟುವ ಮೊದಲೇ ಕ್ಲಬ್ಬಿನ ಲೆಟರ್‌ಹೆಡ್‌ನಲ್ಲಿ ಸಹಿ, ಮೊಹರು ಇರುವ ಪತ್ರ ಪಡೆಯಿರಿ. ಯಾವ ನಿಧಿ, ಎಷ್ಟು ಮೊತ್ತ, ಎಷ್ಟು ವರ್ಷ, ಮುಂದುವರಿಯಲು ಎಷ್ಟು ಅಂಕ ಬೇಕು, ಚೆಕ್ಕು ಯಾರ ಹೆಸರಿಗೆ ಎಂಬುದೆಲ್ಲ ಅದರಲ್ಲಿರಲಿ. ಒಂದು ಸಲದ ನೆರವು ಎಂದಷ್ಟೇ ಬರೆದಿದ್ದರೆ ಉಳಿದ ವರ್ಷಗಳ ಖರ್ಚು ನಿಮ್ಮದೇ ಎಂದುಕೊಂಡು ಕಾಲೇಜು ಆರಿಸಿ. ದಾನ ಕೊಡುವವರನ್ನು ಕಾಗದ ಕೇಳುವುದು ಮರ್ಯಾದೆಯಲ್ಲ ಎನ್ನುವವರಿದ್ದಾರೆ. ಒಪ್ಪಲಾರೆ. ದತ್ತಿಯ ಹಣ ಈಗಿನ ಅಧ್ಯಕ್ಷರ ಜೇಬಿನದಲ್ಲ. ಒಂದು ಗೊತ್ತಾದ ಉದ್ದೇಶಕ್ಕೆ ಯಾರೋ ಇಟ್ಟುಹೋದದ್ದು. ಸಾರ್ವಜನಿಕ ದತ್ತಿಯ ಹಣ ಬೇರೆಡೆಗೆ ಹೋದರೆ, ಅದರಲ್ಲಿ ಹಿತಾಸಕ್ತಿಯುಳ್ಳ ಕನಿಷ್ಠ ಇಬ್ಬರು ಕೋರ್ಟಿನ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ದಾವೆ ಹೂಡಬಹುದು. ಆದರೆ ಅದು ನಿಧಿಯನ್ನು ಕಾಯುವ ದಾವೆ. ನಿಮ್ಮ ಫೀಸು ವಸೂಲಿಗೆ ಅದು ದಾರಿಯಲ್ಲ.

ದತ್ತಿಯ ಲೆಕ್ಕ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿಯನ್ನು ಖಾಸಗಿ ಕ್ಲಬ್ಬಿಗೇ ಹಾಕಿದರೆ ಸಾಮಾನ್ಯವಾಗಿ ನಡೆಯದು. ಕ್ಲಬ್ಬು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಣಿಯಾಗಿದ್ದರೆ, ಅದು ಸಲ್ಲಿಸಿದ ಲೆಕ್ಕಪತ್ರದ ಪ್ರತಿಯನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಕಚೇರಿಗೆ ಆ ಅರ್ಜಿ ಹಾಕಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪದ ಎಣಿಸಿಯೇ ಕೊಡಿ. ಹಣದ ಗೋಲ್‌ಮಾಲ್ ಹುಡುಕದ ಗುಮಾಸ್ತರು ಅರ್ಜಿಯ ಪದಗಳನ್ನು ಮಾತ್ರ ತಪ್ಪದೆ ಎಣಿಸುತ್ತಾರೆ.

ಇನ್ನು ವಿದ್ಯಾರ್ಥಿವೇತನದ ಅರ್ಜಿ ನಮೂನೆ. ಅದರ ಕೊನೆಯಲ್ಲಿ ‘ಬೇರೆ ಯಾವ ವಿದ್ಯಾರ್ಥಿವೇತನವನ್ನೂ ಪಡೆಯುತ್ತಿಲ್ಲ’ ಎಂಬ ಘೋಷಣೆ ಇದ್ದರೆ ಅಲ್ಲಿ ನಿಲ್ಲಿ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಆಗಲೇ ಅರ್ಜಿ ಹಾಕಿದ್ದರೂ, ‘ಯಾರು ನೋಡ್ತಾರೆ, ಇಲ್ಲ ಅಂತ ಹಾಕಿ’ ಎಂದು ಹೇಳಿ ನೂರಿನ್ನೂರು ಕಿತ್ತುಕೊಳ್ಳುವ ಮಧ್ಯವರ್ತಿಗಳ ಮೇಲೆ ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ. ಸಿಕ್ಕಿಬಿದ್ದಾಗ ಅವರು ನಾಪತ್ತೆ. ಸಹಿ ಮಗುವಿನದು, ಹಣ ವಾಪಸು ಕಟ್ಟುವ ಪಾಡೂ ಮಗುವಿನದು. ಎರಡೂ ಪಡೆಯಬಹುದೇ ಎಂಬುದು ಯೋಜನೆಯಿಂದ ಯೋಜನೆಗೆ ಬೇರೆ. ಇದ್ದದ್ದನ್ನು ಇದ್ದಂತೆ ಬರೆದು, ಎರಡೂ ಕಡೆ ಲಿಖಿತವಾಗಿ ಕೇಳಿ. ಮೂಲ ಅಂಕಪಟ್ಟಿಯನ್ನು ತೋರಿಸಿ ವಾಪಸು ತನ್ನಿ, ಯಾರ ಕೈಗೂ ಒಪ್ಪಿಸಬೇಡಿ. ಕೊಟ್ಟ ಪ್ರತಿಗಳಿಗೆ ದಿನಾಂಕ ಹಾಕಿದ ಸ್ವೀಕೃತಿ ಕೇಳಿ. ಕೊಡದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.