ಮೂರು ವಾರ ಕಳೆದರೂ ಗಂಟಲು ಬಿಡದಿದ್ದರೆ

ಬೆಂಗಳೂರಿನ ಹವೆಯಲ್ಲಿ ಗಂಟಲು ಕಟ್ಟುವುದು ಯಾರಿಗೂ ಹೊಸದಲ್ಲ. ಶಿವಾಜಿನಗರ, ಹಲಸೂರು ಕಡೆಯಿಂದ ಬರುವ ರೋಗಿಗಳಲ್ಲಿ ‘ಧೂಳಿನ ಅಲರ್ಜಿ ಡಾಕ್ಟ್ರೇ’ ಎಂದು ತಾವೇ ರೋಗ ನಿರ್ಧರಿಸಿಕೊಂಡು ಬರುವವರು ಬಹಳ. ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ನೆಗಡಿಯಿಂದ ಕೂತ ಗಂಟಲು ಒಂದೆರಡು ವಾರದಲ್ಲಿ ಬಿಡಬೇಕು. ಮೂರು ವಾರ ಕಳೆದರೂ ಧ್ವನಿ ಗೊಗ್ಗರಾಗಿಯೇ ಇದ್ದರೆ, ಅದರಲ್ಲೂ ನಲವತ್ತು ದಾಟಿದವರು ಹಾಗೂ ಬೀಡಿ, ಸಿಗರೇಟು ಸೇದುವವರು, ಮೆಡಿಕಲ್ ಶಾಪಿನ ಮಾತ್ರೆ ಬಿಟ್ಟು ಗಂಟಲನ್ನು ಒಳಗಿನಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಧ್ವನಿಪೆಟ್ಟಿಗೆಯಲ್ಲಿರುವ ಎರಡು ತಂತುಗಳು ಒಂದಕ್ಕೊಂದು ಸರಿಯಾಗಿ ಕೂಡಿದರೆ ಮಾತ್ರ ಧ್ವನಿ ಸ್ವಚ್ಛ. ಅವುಗಳ ಮೇಲೆ ಸಾಸಿವೆ ಕಾಳಿನಷ್ಟು ಗಂಟು ಎದ್ದರೂ ಧ್ವನಿ ಒಡೆಯುತ್ತದೆ. ಹೀಗಾಗಿ ಇಲ್ಲಿನ ಕ್ಯಾನ್ಸರ್ ಬಹು ಬೇಗ ಸುಳಿವು ಕೊಡುತ್ತದೆ. ಆಗಲೇ ವಿಕಿರಣ ಅಥವಾ ಲೇಸರ್ ಚಿಕಿತ್ಸೆ ದೊರೆತರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಗುಣವಾಗುತ್ತಾರೆ. ಧ್ವನಿಯೂ ಬಹುಮಟ್ಟಿಗೆ ಉಳಿಯುತ್ತದೆ. ತಡವಾದರೆ ಪೆಟ್ಟಿಗೆಯನ್ನೇ ತೆಗೆದು, ಕತ್ತಿನ ರಂಧ್ರದಿಂದ ಉಸಿರಾಡಬೇಕಾದೀತು.

ಗಂಟಲಿನ ಬೇರೆ ಭಾಗಗಳು ಇಷ್ಟು ಬೇಗ ಹೇಳುವುದಿಲ್ಲ. ನುಂಗುವಾಗ ಏನೋ ಸಿಕ್ಕಿಕೊಂಡಂತಾಗುವುದು, ನೋವು ಕಿವಿಗೆ ಹೊಡೆಯುವುದು, ಕತ್ತಿನಲ್ಲಿ ಗಡ್ಡೆ ಕಾಣುವುದು ಇವೆಲ್ಲ ಲಕ್ಷಣಗಳು. ಗಡ್ಡೆ ನೋಯುವುದಿಲ್ಲವೆಂದು ಜನ ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ನೋವಿಲ್ಲದ ಗಡ್ಡೆಯೇ ಹೆಚ್ಚು ಅನುಮಾನದ್ದು.

ಮೂಗಿನ ವಿಷಯದಲ್ಲಿ ‘ಒಂದೇ ಕಡೆ’ ಎಂಬುದನ್ನು ಗಮನಿಸಿ. ಅಲರ್ಜಿ ಸಾಮಾನ್ಯವಾಗಿ ಎರಡೂ ಹೊಳ್ಳೆಗಳನ್ನು ಕಾಡುತ್ತದೆ. ಒಂದೇ ಹೊಳ್ಳೆ ಕಟ್ಟಿ ಪದೇಪದೇ ರಕ್ತ ಬಂದರೆ, ದೊಡ್ಡವರಿಗೆ ಒಂದೇ ಕಿವಿ ಮಂದವಾದರೆ ತಜ್ಞರಿಗೆ ತೋರಿಸಿ.

ತಂಬಾಕು, ಮದ್ಯ ಇವೆರಡೂ ಕೂಡಿದಾಗ ಅಪಾಯ ಹಲವು ಪಟ್ಟು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಕೊಂಡು ಬೆರೆಸಿ ಅಗಿಯುವವರಿಗೆ ಇದರಿಂದ ಏನು ಲಾಭ? ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ಬೆಳೆಯುವ ಮಲೆನಾಡಿನ ಓದುಗರು ಬೇಸರಿಸಬಾರದು! ಮರಗೆಲಸದವರು ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಲಿ; ಮರದ ಪುಡಿ ಮೂಗಿನ ಕ್ಯಾನ್ಸರಿಗೆ ಒಂದು ಕಾರಣ.

ಪರೀಕ್ಷೆಗೆ ಅಂಜಬೇಕಿಲ್ಲ. ಇಎನ್‌ಟಿ ತಜ್ಞರು ಸಣ್ಣ ಕನ್ನಡಿಯನ್ನೋ ತೆಳುವಾದ ದುರ್ಬೀನನ್ನೋ ಹಾಕಿ ನೋಡುತ್ತಾರೆ. ಅನುಮಾನವಿದ್ದರೆ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ‘ಕತ್ತರಿ ತಾಗಿದರೆ ಹರಡುತ್ತದಂತೆ’ ಎಂದು ಇದನ್ನು ಮುಂದೂಡುವವರಿದ್ದಾರೆ. ಹರಡುವುದು ಮುಂದೂಡಿದ ಆ ತಿಂಗಳುಗಳಲ್ಲಿ. ಈ ಭಾಗದವರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲೇ ಇಎನ್‌ಟಿ ವಿಭಾಗವಿದೆ. ರೋಗ ಖಚಿತವಾದರೆ ಕಿದ್ವಾಯಿ ಸಂಸ್ಥೆ ಇದೆ. ಹೋಗುವಾಗ ಹಳೆಯ ಚೀಟಿಗಳನ್ನೂ, ಧ್ವನಿ ಎಂದಿನಿಂದ ಕೆಟ್ಟಿದೆ ಎಂಬ ತಾರೀಖನ್ನೂ ಬರೆದುಕೊಂಡು ಹೋಗಿ.